ಕೈರವಾನ್ ಮಸೀದಿಯ ಪೂರ್ವದ ಪಡಸಾಲೆ

ಹಡ್ಸನ್ ನದಿಯ ಮೇಲೆ ಇನ್ನೂ ಮಂಜುಗಡ್ಡೆಯ ಚೂರುಗಳು ತೇಲುತ್ತಿದ್ದ ದಿನಗಳಲ್ಲಿ ನಮ್ಮ ವರ್ಕ್‌ಶಾಪಿಗೆ ಒಬ್ಬ ಪ್ರೊಫೆಸರ್ ಬಂದರು. ಅರವತ್ತು ದಾಟಿದ ಹೆಂಗಸು. ಒಂದು ಕಂಕುಳಲ್ಲಿ ನಕ್ಷೆಗಳ ಉದ್ದನೆಯ ಕೊಳವೆ, ಇನ್ನೊಂದು ಕೈಯಲ್ಲಿ ಫೋಟೋಗಳು ತುಂಬಿದ ಶೂ ಡಬ್ಬಿ. ಕೋಟು ಬಿಚ್ಚುವ ಮೊದಲೇ, "ಈ ಮಸೀದಿ ನನಗೆ ಮೇ ತಿಂಗಳ ಪ್ರದರ್ಶನಕ್ಕೆ ಬೇಕು" ಎಂದರು.

ಜರ್ಸಿ ಸಿಟಿಯ ನದಿ ದಂಡೆಯಲ್ಲಿ ಒಂದು ಹಳೆಯ ಇಟ್ಟಿಗೆ ಗೋದಾಮಿನ ಮೂರನೇ ಮಹಡಿ ನಮ್ಮದು. ಕಟ್ಟಡಗಳ ಮಾದರಿ ಮಾಡಿಕೊಡುವುದು ಕೆಲಸ. ಎದುರು ದಂಡೆಯಲ್ಲಿ ಅವಳಿ ಗೋಪುರಗಳು ಏಳುತ್ತಿದ್ದ ಕಾಲ ಅದು. ಮ್ಯಾನ್‌ಹ್ಯಾಟನ್‌ನಲ್ಲಿ ಯಾರು ಏನು ಕಟ್ಟಿಸುವುದಿದ್ದರೂ ಮೊದಲು ಕಟ್ಟಿಗೆ, ಪ್ಲಾಸ್ಟರಿನಲ್ಲಿ ಕಂಡು ತೃಪ್ತಿಪಡಬೇಕಿತ್ತು. ಹಾಗಾಗಿ ನಮಗೆ ಬರುತ್ತಿದ್ದುದೆಲ್ಲ ಆಫೀಸು ಕಟ್ಟಡ, ಬ್ಯಾಂಕು, ಪಾರ್ಕಿಂಗ್. ಸಾವಿರ ವರ್ಷಕ್ಕೂ ಹಳೆಯದಾದ ಕಟ್ಟಡವೊಂದು ಬಂದದ್ದು ಅದೇ ಮೊದಲು.

ಮಾಲೀಕರು ನನ್ನ ಕಡೆ ತಿರುಗಿ, "ನೀನು ಮಸೀದಿಗಳ ಊರಿನವಳಲ್ಲವೇ? ಇದು ನಿನ್ನದು" ಎಂದರು. ನನ್ನ ಮೇಜಿನ ಮೇಲೆ ಗೋಳಗುಮ್ಮಟದ ಚಿತ್ರವಿದ್ದ ಕ್ಯಾಲೆಂಡರ್ ತೂಗುತ್ತಿತ್ತು. ಅದು ಮಸೀದಿಯಲ್ಲ, ಗೋರಿ ಎಂದು ಅವರಿಗೆ ಎರಡು ಸಲ ಹೇಳಿದ್ದೆ. ಆದರೆ ವಿಜಾಪುರದವಳೆಂಬುದು ನಿಜ. ಶಾಲೆಗೆ ಹೋಗುವಾಗ ಜುಮ್ಮಾ ಮಸೀದಿಯ ಮುಂದೆಯೇ ದಾರಿ. ಅಲ್ಲಿ ಒಂದು ಕಂಬದ ಮುಂದೆ ಕಣ್ಣಿಟ್ಟು ನಿಂತರೆ ಅದರ ಹಿಂದಿನ ಸಾಲೆಲ್ಲ ಆ ಒಂದೇ ಕಂಬದ ಮರೆಗೆ ಹೋಗಿಬಿಡುತ್ತಿತ್ತು. ಮಸೀದಿ ಎಂದರೆ ಅಷ್ಟು ನೇರ, ಅಷ್ಟು ಕರಾರುವಾಕ್ಕು ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಪ್ರೊಫೆಸರ್ ನಕ್ಷೆಗಳನ್ನು ಹರಡಿ ಸಿಗರೇಟು ಹಚ್ಚಿದರು. ಮಸೀದಿ ಇರುವುದು ಟುನೀಶಿಯಾದ ಕೈರವಾನ್ ಊರಿನಲ್ಲಿ. ಏಳನೇ ಶತಮಾನದಲ್ಲಿ ಅರಬ್ ಸೇನೆ ಬೀಡು ಬಿಟ್ಟ ಜಾಗದಲ್ಲಿ ಮೊದಲ ಮಸೀದಿ ಎದ್ದಿತು. ಆಮೇಲೆ ಬಂದವರು ಕೆಡವಿದರು, ಕಟ್ಟಿದರು, ಮತ್ತೆ ಕೆಡವಿದರು. ಈಗ ಕಾಣುವ ಆಕಾರ ಹೆಚ್ಚಾಗಿ ಒಂಬತ್ತನೇ ಶತಮಾನದ್ದು. ದಕ್ಷಿಣಕ್ಕೆ ಪ್ರಾರ್ಥನೆಯ ದೊಡ್ಡ ಸಭಾಂಗಣ, ಅದರ ಮುಂದೆ ವಿಶಾಲವಾದ ಅಂಗಳ, ಅಂಗಳದ ಸುತ್ತ ಕಮಾನುಗಳ ಪಡಸಾಲೆ, ಉತ್ತರದ ಗೋಡೆಯಲ್ಲಿ ಕೋಟೆಯ ಬುರುಜಿನಂಥ ಚೌಕಾಕಾರದ ಮಿನಾರು.

"ಕಂಬಗಳನ್ನು ನೋಡು," ಎಂದು ಫೋಟೋಗಳನ್ನು ನನ್ನ ಮುಂದೆ ಸುರಿದರು. "ಕಾರ್ಥೇಜಿನಿಂದ, ಸುತ್ತಲಿನ ಪಾಳುಬಿದ್ದ ರೋಮನ್ ಊರುಗಳಿಂದ ಹೊತ್ತು ತಂದವು. ಒಂದರಂತೆ ಇನ್ನೊಂದಿಲ್ಲ."

ನಿಜವಾಗಿಯೂ ಇರಲಿಲ್ಲ. ಒಂದು ಬಿಳಿ ಅಮೃತಶಿಲೆ, ಪಕ್ಕದ್ದು ಕೆಂಪು ಗ್ರಾನೈಟು. ಒಂದರ ತಲೆಯ ಬೋದಿಗೆಯಲ್ಲಿ ಎಲೆಗಳ ಕೆತ್ತನೆ, ಇನ್ನೊಂದರಲ್ಲಿ ಟಗರಿನ ಕೊಂಬಿನಂಥ ಸುರುಳಿ. ಎತ್ತರವೂ ಬೇರೆ ಬೇರೆ. ಗಿಡ್ಡ ಕಂಬದ ಕೆಳಗೆ ದಪ್ಪ ಪೀಠ, ಉದ್ದನೆಯದಕ್ಕೆ ತೆಳ್ಳನೆಯದು. ಬೋದಿಗೆಯ ಮೇಲೆ ಮರದ ಹಲಗೆ, ಅದರ ಮೇಲೆ ಒಂದು ಕಲ್ಲಿನ ದಿಮ್ಮಿ. ಹೀಗೆ ಕೂಡಿಸಿ, ಕಳೆದು, ಕಮಾನು ಹುಟ್ಟುವ ಜಾಗಕ್ಕೆ ಬರುವಷ್ಟರಲ್ಲಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿದ್ದರು.

ನಮ್ಮ ಎರಕದ ಮೇಸ್ತ್ರಿಗೆ ಇದು ಬಹಳ ಹಿಡಿಸಿತು. ಆತ ನೇಪಲ್ಸಿನಿಂದ ಬಂದ ಮುದುಕ, ವರ್ಕ್‌ಶಾಪಿನಲ್ಲಿ ಎಲ್ಲರಿಗಿಂತ ಹಳಬ. "ನಮ್ಮಜ್ಜಂದಿರ ಕಂಬಗಳು! ಕದ್ದೊಯ್ದರೂ ಚೆನ್ನಾಗಿ ಇಟ್ಟುಕೊಂಡಿದ್ದಾರೆ" ಎಂದು ನಕ್ಕ. ಕಂಬದ ಹಲವು ನಮೂನೆಗಳನ್ನು ಕೆತ್ತಿ, ರಬ್ಬರಿನ ಅಚ್ಚು ತೆಗೆದು, ಪ್ಲಾಸ್ಟರ್ ಸುರಿಯತೊಡಗಿದ. ಐವತ್ತಕ್ಕೆ ಒಂದರ ಅಳತೆಯಲ್ಲಿ ಒಂದು ಕಂಬ ನನ್ನ ತೋರುಬೆರಳಿನಷ್ಟು ಬರುತ್ತಿತ್ತು. ಎತ್ತರ ಹೊಂದಿಸಲು ನಾವೂ ಆ ಕಟ್ಟಡದವರ ಉಪಾಯವನ್ನೇ ಮಾಡಿದೆವು. ಕೆಳಗೆ ಪ್ಲಾಸ್ಟರಿನ ಬಿಲ್ಲೆ, ಮೇಲೆ ಕಟ್ಟಿಗೆಯ ಚೂರು.

ಕೆಲಸ ಹಂಚಿಕೊಂಡದ್ದು ಹೀಗೆ. ಬುಡದ ಹಲಗೆಯನ್ನು, ಪ್ರೊಫೆಸರ್ ಈ ಮಸೀದಿಯ ಬಗ್ಗೆ ಬರೆದ ಪುಸ್ತಕದ ನಕ್ಷೆ ನೋಡಿ, ನಮ್ಮ ಬಡಗಿ ಕತ್ತರಿಸಿದ. ಇಡೀ ಮಸೀದಿ ಒಂದೇ ಹಾಳೆಯಲ್ಲಿ ಇದ್ದದ್ದು ಅಲ್ಲಿ ಮಾತ್ರ. ಕಂಬ, ಕಮಾನುಗಳ ಅಳತೆಯನ್ನು ನಾನು ಅವರೇ ತಂದಿದ್ದ ಹಳೆಯ ಫ್ರೆಂಚ್ ಸರ್ವೆಯ ಹಾಳೆಗಳಿಂದ ತೆಗೆದು ಮೇಸ್ತ್ರಿಗೆ ಕೊಡುತ್ತಿದ್ದೆ. ಆ ಸರ್ವೆಯಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ಹಾಳೆ. ಎರಡನ್ನೂ ಪಕ್ಕದಲ್ಲಿಟ್ಟು ಕೂಡಿಸಿ ನೋಡುವ ಯೋಚನೆ ಯಾರಿಗೂ ಬರಲಿಲ್ಲ.

ಸಭಾಂಗಣ ಚೆನ್ನಾಗಿ ಎದ್ದಿತು. ಮೆಕ್ಕಾದ ದಿಕ್ಕು ತೋರುವ ಗೂಡು, ಮಿಹ್ರಾಬ್, ಅದರಿಂದ ಶುರು ಮಾಡಿ ಎರಡೂ ಕಡೆ ಕಂಬಗಳನ್ನು ನಿಲ್ಲಿಸುತ್ತ ಬಂದೆ. ನಡುವಿನ ಓಣಿ ಅಗಲ, ಗೋಡೆಯ ಗುಂಟ ಅಡ್ಡಲಾಗಿ ಹೋಗುವ ಓಣಿಯೂ ಅಗಲ. ಎರಡೂ ಸೇರುವಲ್ಲಿ ಕುಂಬಳಕಾಯಿಯ ಮೈಯಂತೆ ಏಣು ಏಣಾದ ಗುಮ್ಮಟ. ಅಂಗಳದ ನೆಲವನ್ನು ತುಸು ಇಳಿಜಾರಾಗಿಯೇ ಮಾಡಬೇಕಿತ್ತು, ಏಕೆಂದರೆ ಅಲ್ಲಿ ಬಿದ್ದ ಮಳೆನೀರೆಲ್ಲ ಒಂದು ಕಲ್ಲಿನ ತೊಟ್ಟಿಗೆ ಹರಿದು, ಕಸ ಕೆಳಗೆ ಕೂತ ಮೇಲೆ, ನೆಲದಡಿಯ ಹೊಂಡಕ್ಕೆ ಇಳಿಯುತ್ತದೆ. ಆ ನೀರು ಸೇದುವ ಬಾವಿಯ ಕಟ್ಟೆಗಳಿಗೆ ಹಳೆಯ ಕಂಬಗಳ ಪೀಠಗಳನ್ನೇ ಕೊರೆದು ಇಟ್ಟಿದ್ದಾರೆ. ಫೋಟೋದಲ್ಲಿ ಅವುಗಳ ಅಂಚಿನಲ್ಲಿ ಹಗ್ಗ ಜಗ್ಗಿ ಜಗ್ಗಿ ಬಿದ್ದ ಗೀರುಗಳು ಕಾಣುತ್ತಿದ್ದವು. ಅದನ್ನು ಸೂಜಿಯಿಂದ ಕೊರೆಯುತ್ತ ಒಂದು ಮಧ್ಯಾಹ್ನ ಊಟ ಮರೆತದ್ದು ನೆನಪಿದೆ.

ಮಾರ್ಚಿನಲ್ಲಿ ಮೇಸ್ತ್ರಿ ಫ್ಲೂ ಬಂದು ಮಲಗಿದ. ಎದ್ದು ಬಂದಾಗ ಇಳಿದುಹೋಗಿದ್ದ, ಬಲಗೈ ಸಣ್ಣಗೆ ನಡುಗುತ್ತಿತ್ತು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದನ್ನು ನಾನೂ ನೋಡಿದೆ, ಮಾಲೀಕರೂ ನೋಡಿದರು. ಪೂರ್ವ ಮತ್ತು ಉತ್ತರದ ಪಡಸಾಲೆಯ ಕಮಾನುಗಳನ್ನು ಆತ ಎರೆದದ್ದು ಆಗ.

ಪಡಸಾಲೆಗಳನ್ನು ಹಲಗೆಯ ಮೇಲೆ ಕೂರಿಸಿದ ದಿನ ಎಲ್ಲ ಕೆಟ್ಟಿತು. ಪಶ್ಚಿಮದ್ದು ಹೇಗೋ ಕೂತಿತು. ಪೂರ್ವದ್ದರ ಕೊನೆಯ ಕಮಾನು ಹಲಗೆಯ ಅಂಚು ದಾಟಿ ಹೊರಗೆ ಚಾಚಿಕೊಂಡಿತು. ಉತ್ತರದ್ದನ್ನು ಇಟ್ಟು ನೋಡಿದರೆ ಅದು ಮೂಲೆ ಮುಟ್ಟದೆ ಅಂಗೈಯಷ್ಟು ಜಾಗ ಬಿಟ್ಟಿತು.

"ಒಂದು ಉದ್ದ, ಒಂದು ಗಿಡ್ಡ!" ಮಾಲೀಕರ ಮುಖ ಕೆಂಪಾಯಿತು. ಮೇಸ್ತ್ರಿಯ ಕಡೆ ತಿರುಗಿದರು. "ನಿನಗೆ ಸ್ಕೇಲು ಕಾಣುವುದಿಲ್ಲವೋ, ಕೈ ನಿಲ್ಲುವುದಿಲ್ಲವೋ?"

"ನಾನು ಕೊಟ್ಟ ಅಳತೆಗೇ ಮಾಡಿದ್ದಾರೆ," ಎಂದೆ. ಒಂದೊಂದು ಕಮಾನನ್ನೂ ಹಾಳೆಗೆ ಹಿಡಿದು ತೋರಿಸಿದೆ. ಸರಿಯಾಗಿಯೇ ಇದ್ದವು.

"ಒಂದೊಂದರಲ್ಲಿ ಕೂದಲೆಳೆ ತಪ್ಪಿದರೆ ಕೊನೆಗೆ ಇಷ್ಟಾಗುತ್ತದೆ," ಎಂದರು ಅವರು. ಆಮೇಲೆ ದನಿ ತಗ್ಗಿಸಿ ಮೇಸ್ತ್ರಿಗೆ, "ಮನೆಗೆ ಹೋಗು. ಈ ಕೆಲಸ ಮುಗಿದ ಮೇಲೆ ಕೂತು ಮಾತಾಡೋಣ" ಎಂದರು.

ಮೇಸ್ತ್ರಿ ಏಪ್ರನ್ ಬಿಚ್ಚಿ ಮಡಿಚಿಟ್ಟು ಹೋದ.

ಆ ವಾರವೆಲ್ಲ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಪ್ಲಾಸ್ಟರ್ ಗಟ್ಟಿಯಾಗುವಾಗ ತುಸು ಉಬ್ಬುತ್ತದೆ. ಆದರೆ ಇಷ್ಟು ಉಬ್ಬಲಾರದು. ಕೂದಲೆಳೆಗಳನ್ನು ಕೂಡಿಸಿದರೂ ಈ ಲೆಕ್ಕ ಬರುತ್ತಿರಲಿಲ್ಲ. ಕೈ ನಡುಗುವವನು ಒಂದು ಕಡೆ ಬರೀ ಹೆಚ್ಚು, ಇನ್ನೊಂದು ಕಡೆ ಬರೀ ಕಡಿಮೆ ಮಾಡುತ್ತಾನೆಯೇ? ಬಸ್ಸಿನಲ್ಲಿ, ಸಿಂಕಿನ ಮುಂದೆ, ಇದೇ ತಲೆಯಲ್ಲಿ ಸುತ್ತುತ್ತಿತ್ತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಶನಿವಾರ ವರ್ಕ್‌ಶಾಪಿನಲ್ಲಿ ಯಾರೂ ಇರಲಿಲ್ಲ. ಹಲಗೆಯನ್ನು ಒಮ್ಮೆ ಬಿಟ್ಟೇ ನೋಡೋಣ ಎನ್ನಿಸಿತು. ನೆಲ ಗುಡಿಸಿ, ಸಭಾಂಗಣದ ಮುಂದಿನ ಸಾಲನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ, ಪಡಸಾಲೆಗಳನ್ನು ಬರೀ ನೆಲದ ಮೇಲೆ ಒಂದಕ್ಕೊಂದು ತಾಗಿಸಿ ಇಡುತ್ತ ಹೋದೆ. ಎಲ್ಲಿಯೂ ಒತ್ತಲಿಲ್ಲ, ಎಳೆಯಲಿಲ್ಲ. ಆಗಾಗ ನೆಲಕ್ಕೆ ಕೆನ್ನೆ ಇಟ್ಟು ಸಾಲು ನೇರವಿದೆಯೇ ಎಂದು ನೋಡಿದೆ. ಮೂಲೆಗಳು ಎಷ್ಟು ತೆರೆದುಕೊಳ್ಳುತ್ತವೋ ತೆರೆದುಕೊಳ್ಳಲಿ ಎಂದು ಬಿಟ್ಟೆ. ಕೊನೆಯ ತುಂಡು ಇಟ್ಟಾಗ ಪೂರ್ವವೂ ಉತ್ತರವೂ ಮೂಲೆಯಲ್ಲಿ ಬಂದು ಸೇರಿದವು, ಉಗುರು ತೂರಿಸಲೂ ಜಾಗವಿಲ್ಲದ ಹಾಗೆ.

ಮೂಲೆಮಟ್ಟ ತಂದು ಹಿಡಿದೆ. ಒಂದು ಮೂಲೆಯೂ ನೆಟ್ಟಗಿರಲಿಲ್ಲ. ಪೂರ್ವದ ಗೋಡೆ ಪಶ್ಚಿಮದ್ದಕ್ಕಿಂತ ಉದ್ದ, ಉತ್ತರದ್ದು ದಕ್ಷಿಣದ್ದಕ್ಕಿಂತ ಗಿಡ್ಡ. ಮಿನಾರು ಕೂಡ ನಡುಗೆರೆಯಿಂದ ಒಂದಿಷ್ಟು ಸರಿದು ನಿಂತಿತ್ತು. ಡಬ್ಬಿಯಲ್ಲಿ ವಿಮಾನದಿಂದ ತೆಗೆದ ಒಂದು ಮಸುಕು ಫೋಟೋ ಇತ್ತು. ಕ್ಯಾಮೆರಾ ವಾಲಿದೆ ಎಂದು ನಾನು ಅದನ್ನು ಬದಿಗಿಟ್ಟಿದ್ದೆ. ಕ್ಯಾಮೆರಾ ಅಲ್ಲ, ಮಸೀದಿಯೇ ಹಾಗಿತ್ತು.

ಗೋಡೆಗೆ ತಗುಲಿಸಿದ್ದ ಫೋನಿನಿಂದ ಮೇಸ್ತ್ರಿಗೆ ಫೋನ್ ಮಾಡಿದೆ.

"ನಾನು ಬರುವುದಿಲ್ಲ," ಎಂದ.

"ನಿಮ್ಮ ಕಮಾನು ಸರಿ ಇವೆ. ಬಂದು ನೋಡಿ."

"ಸರಿ ಇವೆ ಅಂತ ನನಗೂ ಗೊತ್ತು."

ಆದರೂ ಬಂದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಮಂಡಿಯೂರಿ ಆ ಮೂಲೆಯ ಮೇಲೆ ಬೆರಳಾಡಿಸಿದ. ಕೋಟಿನ ತೋಳಿನಲ್ಲಿ ಮುಖ ಒರೆಸಿಕೊಂಡ. ನಾನು ಕಿಟಕಿಯ ಕಡೆ ನೋಡುತ್ತ ನಿಂತೆ.

ಸೋಮವಾರ ಮಾಲೀಕರಿಗೆ ತೋರಿಸಿದೆ. ಅವರು ಎರಡು ಸುತ್ತು ಹಾಕಿ, ಮೇಸ್ತ್ರಿಯ ಹೆಗಲು ತಟ್ಟಿ "ಸಾರಿ" ಎಂದರು. ಮನಸ್ಸಿನಿಂದಲೇ ಹೇಳಿದರು. ಆದರೆ ಮರುಕ್ಷಣವೇ, "ಗಿರಾಕಿ ಕೊಟ್ಟ ನಕ್ಷೆ ಚೌಕವಾಗಿದೆ. ಹಲಗೆ ಚೌಕವಾಗಿದೆ. ಉದ್ದದ್ದನ್ನು ಉಜ್ಜಿ, ಗಿಡ್ಡದ್ದಕ್ಕೆ ತೇಪೆ ಹಾಕಿ ಕೂರಿಸಿ" ಎಂದರು.

"ಪ್ರೊಫೆಸರ್ ಅವರಿಗೆ ಗೊತ್ತಿಲ್ಲದೆ ಇರಬಹುದು. ಒಂದು ಮಾತು ಕೇಳುತ್ತೇನೆ," ಎಂದು ಫೋನ್ ಹಚ್ಚಿದೆ.

ಅವರಿಗೆ ಎಲ್ಲ ಗೊತ್ತಿತ್ತು.

"ಆ ಅಂಗಳದಲ್ಲಿ ನಾನು ವರ್ಷಗಟ್ಟಲೆ ನಡೆದಿದ್ದೇನೆ," ಎಂದರು. "ಹಳೆಯ ಗೋಡೆ ಬಿಟ್ಟುಕೊಡದೆ, ಪ್ರತಿ ಸಲ ಅದರ ಗುಂಟವೇ ಕಟ್ಟುತ್ತ ಬಂದದ್ದಕ್ಕೆ ಹಾಗಾಗಿರಬೇಕು. ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಪುಸ್ತಕಕ್ಕಾಗಿ ಅದನ್ನು ನೇರ ಮಾಡಿಸಿದವಳು ನಾನೇ."

"ಯಾಕೆ?"

"ನಾನು ಈ ಕಟ್ಟಡದ ಬಗ್ಗೆ ಮಾತಾಡಲು ನಿಂತಾಗೆಲ್ಲ ಯಾರಾದರೊಬ್ಬ ಎದ್ದು ನಿಲ್ಲುತ್ತಾನೆ. ಕಂಬ ರೋಮನ್ನರದು, ಹಾಗಾದರೆ ಇದನ್ನು ಕಟ್ಟಿದ ಅರಬರದೇನು ಅಂತ ಕೇಳುತ್ತಾನೆ. ಈಗ ಸೊಟ್ಟ ಮಾದರಿಯನ್ನೂ ಅವನ ಮುಂದಿಡಲಾ? ಒಂದು ಚೌಕ ಎಳೆಯಲೂ ಬರಲಿಲ್ಲ ಎಂದು ನಕ್ಕು ಹೋಗುತ್ತಾನೆ. ಅವನಿಗೆ ಆ ನಗು ನಾನು ಕೊಡುವುದಿಲ್ಲ. ಉಜ್ಜಿ ಕೂರಿಸಿ."

ಆ ನಗು ನನಗೆ ಹೊಸದಲ್ಲ. ಇದೇ ಊರಿನಲ್ಲಿ ಒಂದು ಪಾರ್ಟಿಯಲ್ಲಿ ಗೋಳಗುಮ್ಮಟದ ಫೋಟೋ ನೋಡಿ, ಇದನ್ನು ಕಟ್ಟಿದ ಇಂಜಿನಿಯರು ಯುರೋಪಿನವನೇ ಎಂದು ಕೇಳಿದವರನ್ನು ನಾನು ಕಂಡಿದ್ದೆ. ಪ್ರೊಫೆಸರ್ ಹೇಳಿದ್ದು ಸುಳ್ಳಲ್ಲ. ಹಾಗಂತ ಉಜ್ಜಲು ಮನಸ್ಸೂ ಬರಲಿಲ್ಲ. ಮೇಸ್ತ್ರಿ ಆಗಲೇ ಅರ ಕೈಗೆತ್ತಿಕೊಂಡಿದ್ದ. ಹೇಳಿದ ಕೆಲಸ ಮಾಡಿ ರೂಢಿಯಾದವನು. ತಾನೇ ಎರೆದ, ಒಂದು ತಪ್ಪೂ ಇಲ್ಲದ ಕಮಾನನ್ನು ಹಿಡಿದುಕೊಂಡು, "ಎಲ್ಲಿಂದ ಶುರು ಮಾಡಲಿ?" ಎಂದು ನನ್ನನ್ನು ಕೇಳಿದ.

"ನಾಳೆ ನೋಡೋಣ, ಇವತ್ತು ಬೇಡ," ಎಂದೆ.

ಸಂಜೆ ಊಟಕ್ಕೆ ಕೂತಾಗ ನನ್ನ ಗಂಡ ತಟ್ಟೆಯಿಂದ ತಲೆಯೆತ್ತಿ ನೋಡಿದರು.

"ಯಾಕ, ಊಟ ಸೇರವಲ್ದೇನು? ಇನ್ನೂ ಆ ಮಸೂತಿ ತಲಿಯೊಳಗ ಕುಂತದೇನು?"

ಎಲ್ಲ ಹೇಳಿದೆ. ರೊಟ್ಟಿ ಮುರಿಯುತ್ತ ಕೇಳಿದರು.

"ಆ ಪ್ರೊಫೆಸರ್ ಬಾಯಿ ಹೇಳೂದೂ ಖರೆ ಅದ, ನೀ ಹೇಳೂದೂ ಖರೆ ಅದ. ನಿನ್ನ ಮಾಡಲ್ ಎಷ್ಟ ಎತ್ತರದ ಮ್ಯಾಲೆ ಇಡ್ತಾರ?"

"ಟೇಬಲ್ಲಿನಷ್ಟು. ಸೊಂಟದ ಮಟ್ಟಕ್ಕ."

"ಅಂದ್ರ ಎಲ್ಲಾರೂ ಮ್ಯಾಲಿಂದ ಬಗ್ಗಿ ನೋಡಾವ್ರು. ಅಲ್ಲಿ ಮಸೂತಿಗೆ ಬರೂ ಮಂದಿ ಹಂಗ ನೋಡ್ತಾರೇನು? ಬಾಗಲದಾಗಿಂದ ನೋಡ್ತಾರ." ಅಷ್ಟು ಹೇಳಿ ಪಲ್ಯ ಬಡಿಸಿಕೊಂಡರು. ಅವರ ಪಾಲಿಗೆ ಅದು ಸುಮ್ಮನೆ ಆಡಿದ ಮಾತು.

ನಾನು ಕೈಯಲ್ಲಿದ್ದ ತುತ್ತು ಹಾಗೇ ಬಿಟ್ಟೆ. ಶನಿವಾರ ನೆಲದ ಮೇಲೆ ಕೆನ್ನೆ ಇಟ್ಟು ಕಮಾನುಗಳ ಸಾಲು ನೇರವಿದೆಯೇ ಎಂದು ನೋಡಿದ್ದೆನಲ್ಲ, ಆಗ ಆ ಸೊಟ್ಟ ನನಗೆ ಕಂಡಿರಲೇ ಇಲ್ಲ.

"ಉಜ್ಜಂಗಿಲ್ಲ ಅಂತ ಹೇಳಿ ನೌಕರಿ ಹೋದ್ರ?" ಎಂದು ಕೇಳಿದೆ.

"ವರ್ಷ ಹುಡುಕಿದ ಮ್ಯಾಲೆ ಸಿಕ್ಕದ್ದು, ಹೋದ್ರ ಕೆಟ್ಟ ಅನಸ್ತದ. ಅದ್ರಾಗ ಏನೂ ಸುಳ್ಳಿಲ್ಲ," ಎಂದರು. "ಆದ್ರ ನೀ ಹಿಂಗ ಮನಿತುಂಬ ಓಡಾಡೂದ ನೋಡೂದು ಇನ್ನೂ ಕೆಟ್ಟ."

ಮಂಗಳವಾರ ಬೆಳಿಗ್ಗೆ ಮಾಲೀಕರಿಗೆ ಹೇಳಿದೆ. ಹೊಸ ಹಲಗೆ ಕತ್ತರಿಸುತ್ತೇವೆ, ನಿಜವಾದ ಆಕಾರಕ್ಕೆ. ಮಾದರಿಯನ್ನು ಕಣ್ಣಿನ ಎತ್ತರಕ್ಕೆ ಏರಿಸಿ ಇಡೋಣ. ಪ್ರೊಫೆಸರ್ ಬಂದು ಒಮ್ಮೆ ನೋಡಲಿ.

"ಮಾದರಿಯನ್ನು ಅಷ್ಟು ಎತ್ತರಕ್ಕೆ ಯಾರೂ ಇಡುವುದಿಲ್ಲ," ಎಂದರು. "ಆಕೆ ಬೇಡ ಎಂದಾಗಿದೆ."

"ಉಜ್ಜಿದರೆ ಆ ಕಮಾನುಗಳು ಮತ್ತೆ ಬರುವುದಿಲ್ಲ. ಹಲಗೆ ಮತ್ತೆ ಕತ್ತರಿಸಬಹುದು."

ಅವರು ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ನನ್ನನ್ನು ನೋಡಿದರು. "ಶುಕ್ರವಾರದ ತನಕ. ಆಕೆ ಒಪ್ಪಲಿಲ್ಲವೋ, ನೀನೇ ಉಜ್ಜಬೇಕು. ಆಮೇಲೆ ಬೇರೆ ಕಡೆ ಕೆಲಸ ನೋಡಿಕೊಳ್ಳಬೇಕು. ಗಿರಾಕಿ ಬೇಡ ಎಂದ ಮೇಲೆ ಎರಡನೇ ಸಲ ಕೇಳುವವರನ್ನು ನಾನು ಇಟ್ಟುಕೊಳ್ಳಲಾರೆ."

ಬಡಗಿ ಗೊಣಗುತ್ತಲೇ ಹಲಗೆ ಕತ್ತರಿಸಿದ. ಸಭಾಂಗಣದ ಕಂಬಗಳನ್ನು ಸಾಲು ಸಾಲಾಗಿ ಎತ್ತಿ ಹೊಸದಕ್ಕೆ ಅಂಟಿಸಬೇಕಿತ್ತು. ಮೇಸ್ತ್ರಿ ಎತ್ತುತ್ತಿದ್ದ, ನಾನು ಕೂರಿಸುತ್ತಿದ್ದೆ. ಮೂರ್ನಾಲ್ಕು ಬೋದಿಗೆ ಮುರಿದವು. ಆತ ಮತ್ತೆ ಎರೆದ. ಅಂಗಳದ ಇಳಿಜಾರು ಎರಡನೇ ಸಲ ಮಾಡುವಾಗ ತೊಟ್ಟಿಯ ಕಡೆಗೆ ಬಾರದೆ ಪಕ್ಕಕ್ಕೆ ವಾಲಿತು, ಕೆತ್ತಿ ತೆಗೆದು ಮೂರನೇ ಸಲ ಹಾಕಿದೆ. ಶುಕ್ರವಾರ ಬೆಳಿಗ್ಗೆ ಅಂಟು ಇನ್ನೂ ಹಸಿ.

ಪ್ರೊಫೆಸರ್ ಬಂದಾಗ ಮಾದರಿ ಇನ್ನೂ ಮೇಜಿನ ಮೇಲೇ ಇತ್ತು. ಬಾಗಿಲಲ್ಲೇ ನಿಂತು ಮೇಲಿನಿಂದ ನೋಡಿದರು. ಒಂದೇ ನೋಟ.

"ನಾನು ಫೋನಿನಲ್ಲಿ ಇಂಗ್ಲಿಷಿನಲ್ಲಿಯೇ ಮಾತಾಡಿದೆ ಅಂದುಕೊಂಡಿದ್ದೆ," ಎಂದರು.

ಮಾಲೀಕರು ನೆಲ ನೋಡಿದರು. "ಎರಡು ನಿಮಿಷ ಕೊಡಿ, ಮೇಡಂ. ಆಮೇಲೆ ಹೇಳಿದ ಹಾಗೆ ಮಾಡುತ್ತೇನೆ," ಎಂದೆ.

ಮೇಜಿನ ಪಕ್ಕ ಮರದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದೆವು. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಮಾದರಿಯನ್ನು ಅದರ ಮೇಲೆ ಏರಿಸಿದೆವು. ಮೇಸ್ತ್ರಿ ಹಿಡಿದ ಮೂಲೆ ತುಸು ಅದುರಿತು; ಬಡಗಿ ಅದಕ್ಕೂ ಆಸರೆಯಾಗಿ ಕೈ ಹಾಕಿದ. ಪೂರ್ವದ ಬಾಗಿಲು ಈಗ ಪ್ರೊಫೆಸರ್ ಅವರ ಮೂಗಿನ ನೇರಕ್ಕೆ ಬಂತು.

ಸಿಗರೇಟನ್ನು ಮಾಲೀಕರ ಕೈಗೆ ಕೊಟ್ಟು, ಕನ್ನಡಕ ಹಣೆಗೇರಿಸಿ, ಬಾಗಿಲಿಗೆ ಕಣ್ಣಿಟ್ಟರು. ಕಮಾನುಗಳ ನೆರಳು, ಅದರಾಚೆ ಬೆಳಕು ಬಿದ್ದ ಅಂಗಳ, ಎಡಕ್ಕೆ ಸಭಾಂಗಣದ ಕತ್ತಲಲ್ಲಿ ಹಿಂದೆ ಹಿಂದೆ ಸರಿಯುವ ಕಂಬಗಳು, ಬಲಕ್ಕೆ ಮಿನಾರು. ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಪಶ್ಚಿಮದ ಬಾಗಿಲಿಗೆ ಹೋದರು. ಮತ್ತೊಂದಕ್ಕೆ. ಎಲ್ಲ ಬಾಗಿಲುಗಳನ್ನೂ ಪರೀಕ್ಷೆ ಮಾಡುವವರ ಹಾಗೆ ಸುತ್ತು ಹಾಕಿದರು.

"ಕಾಣುವುದಿಲ್ಲ," ಎಂದರು ಕೊನೆಗೆ. "ಅಲ್ಲಿಯೂ ಕಾಣುತ್ತಿರಲಿಲ್ಲ. ನಾನು ಮೊದಲ ಸಲ ಟೇಪು ಹಿಡಿದಾಗ, ಟೇಪೇ ಕೆಟ್ಟಿದೆ ಅಂದುಕೊಂಡಿದ್ದೆ." ಆಮೇಲೆ ನನ್ನ ಕಡೆ ತಿರುಗಿದರು. "ಆದರೆ ಒಂದು ತೊಂದರೆ ಇದೆ. ನಮ್ಮ ಗ್ಯಾಲರಿಗೆ ಮೇಲೊಂದು ಬಾಲ್ಕನಿ ಇದೆ."

ಅದು ನನಗೆ ಗೊತ್ತಿರಲಿಲ್ಲ.

ಅವರು ಸಿಗರೇಟನ್ನು ವಾಪಸು ತೆಗೆದುಕೊಂಡು ಒಂದು ದಮ್ಮು ಎಳೆದರು. ಯೋಚಿಸಿದರು. "ಇರಲಿ. ಮೊದಲು ಬಾಗಿಲಿನಿಂದ ನೋಡಲಿ. ಆಮೇಲೆ ಮೇಲೆ ಹತ್ತಿ ಬರಲಿ. ಅಲ್ಲಿಯ ಕಟಕಟೆಗೆ ನಾನು ಇನ್ನೊಂದು ಫಲಕ ಬರೆದು ಹಾಕುತ್ತೇನೆ. ಒಳಗೆ ಹೋಗಿ ಬಂದವನು ಅಷ್ಟು ಸುಲಭವಾಗಿ ನಗಲಾರ." ಹೊರಡುವಾಗ ಬಾಗಿಲಲ್ಲಿ ನಿಂತು, "ಮಕ್ಕಳಿಗೆ ನಿಲ್ಲಲು ಒಂದು ಮೆಟ್ಟಿಲು ಮಾಡಿಸಿ," ಎಂದರು.

ಪ್ರದರ್ಶನ ತೆರೆದ ಸಂಜೆ ಮಾಲೀಕರು ಬಂದವರಿಗೆಲ್ಲ, ಮಾದರಿಯನ್ನು ಎತ್ತರಕ್ಕೆ ಇಡುವುದು ನಮ್ಮ ವರ್ಕ್‌ಶಾಪಿನ ಪದ್ಧತಿ ಎಂದು ಹೇಳುತ್ತಿದ್ದರು. ನಾನು ಬಾಲ್ಕನಿಗೆ ಹತ್ತಿ ಹೋದೆ. ಮೇಸ್ತ್ರಿ ಆಗಲೇ ಅಲ್ಲಿದ್ದ, ಕಪ್ಪು ಸೂಟು ಹಾಕಿಕೊಂಡು. ಫಲಕವನ್ನು ನಿಧಾನವಾಗಿ ಓದುತ್ತಿದ್ದ. ಈ ಮಸೀದಿಯ ಯಾವ ಮೂಲೆಯೂ ನೆಟ್ಟಗಿಲ್ಲ ಎಂದು ಶುರುವಾಗುತ್ತಿತ್ತು ಅದು.

"ಸೋಮವಾರದಿಂದ ನಾನು ಬರುವುದಿಲ್ಲ," ಎಂದ.

ನಾನು ಕೆಳಗೆ ಮಾಲೀಕರ ಕಡೆ ನೋಡಿದೆ.

"ಆತ ಏನೂ ಅಂದಿಲ್ಲ. ಇರು ಅಂತಲೇ ಹೇಳಿದ." ಬಲಗೈಯನ್ನು ಕಟಕಟೆಯ ಮೇಲೆ ಚಾಚಿ ತೋರಿಸಿದ. ಬೆರಳುಗಳು ನಡುಗುತ್ತಿದ್ದವು. "ಇದು ನಿಜ. ಆ ಕಮಾನುಗಳ ತಪ್ಪು ಮಾತ್ರ ಇದರದ್ದಾಗಿರಲಿಲ್ಲ. ಅವತ್ತು ಹೋಗಿದ್ದರೆ ತಪ್ಪು ಮಾಡಿ ಹೋದವನಾಗುತ್ತಿದ್ದೆ. ಈಗ ಸಾಕು ಅಂತ ಹೋಗುತ್ತಿದ್ದೇನೆ."

ಇನ್ನೊಂದಿಷ್ಟು ದಿನ ಇರಿ ಎನ್ನಬೇಕೆಂದುಕೊಂಡೆ. ಆತ ಮೆಟ್ಟಿಲಿಳಿದು, ಹೆಂಡತಿಯನ್ನು ಕರೆದುಕೊಂಡು ಸಾಲಿನಲ್ಲಿ ನಿಂತ.

ಮೇಲಿನಿಂದ ಎಲ್ಲ ಕಾಣುತ್ತಿತ್ತು. ಒಂದಕ್ಕೊಂದು ಸರಿಹೊಂದದ ನಾಲ್ಕು ಗೋಡೆ, ಸರಿದು ನಿಂತ ಮಿನಾರು, ಒಂದೊಂದು ಬಾಗಿಲ ಮುಂದೆಯೂ ಕಾಯುತ್ತಿದ್ದ ಜನ. ಮೇಸ್ತ್ರಿಯ ಹೆಂಡತಿ ಗಿಡ್ಡ ಹೆಂಗಸು. ಮಕ್ಕಳಿಗೆಂದು ಇಟ್ಟ ಮೆಟ್ಟಿಲನ್ನು ಆತ ಕಾಲಿನಿಂದ ಅವಳ ಕಡೆಗೆ ಸರಿಸಿದ. ಅವಳು ಹತ್ತಿ, ಪೂರ್ವದ ಬಾಗಿಲಿಗೆ ಕಣ್ಣಿಟ್ಟು, ಹಿಂದೆ ತಿರುಗದೆಯೇ ಕೈ ಚಾಚಿ ಆತನ ಕೈ ಹುಡುಕಿದಳು.